ಮೆಚ್ಚುಗೆಯೂ ಸತ್ಯವೂ

ಚಂಚಲಚಿತ್ತನಾದ ಬಾಲಕನನ್ನು ನಿತ್ಯವೂ ಹೊಗಳುವುದು ಮುಖಸ್ತುತಿಯಲ್ಲವೆ, ಅಸತ್ಯವಲ್ಲವೆ ಎಂದು ಕೇಳುವವರುಂಟು. 1902ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ಲರು ಇಂತಹ ಮಕ್ಕಳನ್ನು ವರ್ಣಿಸಿ, ಅವರಲ್ಲಿರುವುದು ನೈತಿಕ ಸಂಯಮದ ಕೊರತೆಯೆಂದರು. ಇಂದಿನ ವೈದ್ಯಶಾಸ್ತ್ರವು ಅದನ್ನು ಎಡಿಎಚ್‌ಡಿ ಎಂದು ಕರೆದು, ಮೆದುಳಿನ ಬೆಳವಣಿಗೆಯ ಭೇದವೆಂದು ಬಗೆಯುತ್ತದೆ. ಶಕ್ತಿಯ ಕೊರತೆಯನ್ನು ಶೀಲದ ಕೊರತೆಯೆಂದು ತಿಳಿದು ದಿನವೆಲ್ಲ ಗದರಿಸುವುದೇ ನಿಜವಾದ ಅಸತ್ಯ.

ಬೈಲಹೊಂಗಲದ ಎರೆಹೊಲದಲ್ಲಿ ಎಳೆಯ ಹೋರಿಗೆ ನೊಗ ಕಲಿಸುವ ಒಕ್ಕಲಿಗನು ಬಾರುಕೋಲೊಂದನ್ನೇ ನಂಬುವುದಿಲ್ಲ. ಸಾಲು ನೆಟ್ಟಗೆ ಬಂದೊಡನೆ ಬೆನ್ನು ತಟ್ಟುವನು. ಸುಗ್ಗಿಯವರೆಗೆ ಕಾಯುವುದಿಲ್ಲ. ಈ ಮಕ್ಕಳಿಗೂ ವರ್ಷಾಂತ್ಯದ ಬಹುಮಾನವು ಬಲುದೂರ. ಆ ಕ್ಷಣದ ಮಾತೇ ಆಸರೆ. ಆದರೆ “ನೀನು ಜಾಣ” ಎಂಬ ಬರಿಮಾತು ಸಾಲದು. “ಲೆಕ್ಕ ಮುಗಿಯೂತನಕ ಏಳಲಿಲ್ಲ, ಶಾಬಾಸ್ ತಮ್ಮಾ!” ಎಂದರೆ ಮಾಡಿದ ಕೆಲಸಕ್ಕೆ ಹೆಸರು ಬಂದಿತು, ಅದರಲ್ಲಿ ಸುಳ್ಳಿಲ್ಲ.

ಮೆಚ್ಚುಗೆಯು ವೈದ್ಯನ ಸ್ಥಾನವನ್ನು ತುಂಬಲಾರದು, ನಿಜ. ಆದರೂ ಹುಡುಗನ ತಪ್ಪು ತಾನಾಗಿಯೇ ಕಣ್ಣಿಗೆ ಬೀಳುವುದು. ಒಳಿತನ್ನು ಹಿರಿಯರು ಕಾದು ನೋಡಬೇಕು. ಹಾಗಾದರೆ ಏಕಾಗ್ರತೆಯ ಅಭ್ಯಾಸವು ಮೊದಲು ಬೇಕಾದುದು ಹಿರಿಯರಿಗೇ ಅಲ್ಲವೆ?