ಅರಿಯದ ಮದ್ದು

ಮದ್ದೂರು, ಮಳವಳ್ಳಿ ಸೀಮೆಯಿಂದ ಮಂಡ್ಯದ ಕಾಲೇಜುಗಳಿಗೆ ಮಕ್ಕಳನ್ನು ಕಳುಹುವ ತಾಯಿತಂದೆಗಳು ಅವರ ಊಟ ವಸತಿಗಳನ್ನು ವಿಚಾರಿಸುವರು. ಪೆಟ್ಟಿಗೆಯಲ್ಲಿರುವ ಗುಳಿಗೆಗಳನ್ನು ವಿಚಾರಿಸುವವರು ವಿರಳ. ಪರೀಕ್ಷೆಯ ಕಾಲಕ್ಕೆ ಗಂಟಲು ನೋವು ಬಂದರೆ ವಿದ್ಯಾರ್ಥಿಗೆ ಔಷಧದ ಅಂಗಡಿಯೇ ಆಸ್ಪತ್ರೆ, ಪಕ್ಕದ ಕೊಠಡಿಯ ಗೆಳೆಯನೇ ವೈದ್ಯ. ಅವನು ತಿಂದು ಉಳಿಸಿದ ನಾಲ್ಕು ಗುಳಿಗೆಗಳಲ್ಲಿ ಎರಡನ್ನು ನುಂಗಿ, ನೋವು ತಗ್ಗಿದೊಡನೆ ನಿಲ್ಲಿಸಿಬಿಡುವನು.

ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ವೈದ್ಯವೃತ್ತಿಯೇ ಆತನ ಕಾಯಕ. ರೋಗ, ಚಿಕಿತ್ಸೆಗಳ ಪರಿಭಾಷೆಯಲ್ಲಿಯೇ ಆತನು ಅನುಭಾವವನ್ನು ನುಡಿದನು. ಬೇನೆಯನ್ನು ಅರಿಯದೆ ಮದ್ದನ್ನು ಕೊಡುವುದು ಕಾಯಕವೆನಿಸದು. ಚೀಟಿ ಕೇಳದೆ ಮಾರುವ ಅಂಗಡಿಕಾರ ಭಕ್ತರೂ ಇದನ್ನು ಆಲೋಚಿಸಬೇಕು. ಅಂಗದ ಮೇಲೆ ಲಿಂಗವನ್ನು ಧರಿಸಿದವನಿಗೆ ದೇಹವು ತನ್ನ ಇಚ್ಛೆಯ ಸೊತ್ತಲ್ಲ.

“ನನ್ನ ದೇಹ, ನನ್ನ ಗುಳಿಗೆ, ಅನ್ಯರಿಗೇನು?” ಎಂದು ಯುವಕರು ಕೇಳಬಹುದು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರು 1945ರ ನೊಬೆಲ್ ಉಪನ್ಯಾಸದಲ್ಲಿ ಒಂದು ದೃಷ್ಟಾಂತವನ್ನಿತ್ತರು. ಗಂಟಲು ನೋವಿನವನೊಬ್ಬನು ತಾನೇ ಮದ್ದು ಕೊಂಡು, ಸಾಲದಷ್ಟು ಸೇವಿಸಿದನು. ಕ್ರಿಮಿಗಳು ಸಾಯಲಿಲ್ಲ, ಮದ್ದನ್ನು ತಡೆದುಕೊಳ್ಳುವ ಬಲವನ್ನು ಪಡೆದವು. ಅವು ಮಡದಿಗೆ ಅಂಟಿದವು. ಆಕೆಗೆ ನ್ಯುಮೋನಿಯಾ ಬಂದಾಗ ಅದೇ ಮದ್ದು ನಾಟದೆ ಆಕೆ ತೀರಿಕೊಂಡಳು. ತಪ್ಪು ಗಂಡನದು, ಮರಣ ಹೆಂಡತಿಯದು!

ಬಹುಪಾಲು ಗಂಟಲು ನೋವು, ಶೀತಗಳು ವೈರಾಣುಗಳಿಂದ ಬರುವಂಥವು. ಅಲ್ಲಿ ಆಂಟಿಬಯಾಟಿಕ್ ನಿಷ್ಫಲ. ಅಂಥ ಮದ್ದನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಕೂಡದೆಂಬುದೇ ಗುಳಿಗೆಯ ಹಾಳೆಯ ಮೇಲಿನ ಕೆಂಪು ಗೆರೆಯ ಅರ್ಥ. ಮಂಡ್ಯ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ವೈದ್ಯರನ್ನು ಕಾಣಲು ಸಾಲಿನಲ್ಲಿ ನಿಂತರೆ ಒಂದೆರಡು ಪಾಠ ತಪ್ಪೀತು. ರಜೆಗೆ ಊರಿಗೆ ಬರುವ ಮಗನಾದರೋ ಅಜ್ಜಿಯ ಮಗ್ಗುಲಲ್ಲಿಯೇ ಮಲಗುವನು.