ಪಾಂಡವರ ಹಿಮ, ನಮ್ಮ ಮಾರ್ಗಳಿ ಚಳಿ

ಮಾರ್ಗಳಿ ಚಳೀಲಿ ಪಾಂಡವರ ಕಥೆ ಹಾಡಿ ಮುಗಿಸಿದರೆ ಯಾರಾದರೊಬ್ಬರು ಅಂತಾರೆ: "ನಾವೂ ಹಂಗೇ ಹಿಮದಲ್ಲಿ ನಡೆದು ಕಣ್ಣು ಮುಚ್ಚಿದ್ರೆ ಸಾಕಿತ್ತು ಅಣ್ಣ. ಅದು ಪಾಪವಾ?"

ಪಾಂಡವರು ರಾಜ್ಯವನ್ನು ಪರೀಕ್ಷಿತನಿಗೆ ಒಪ್ಪಿಸಿ, ಮಾಡಬೇಕಾದ್ದೆಲ್ಲ ಮುಗಿಸಿ, ಎಲ್ಲರೂ ಕೂಡಿ ಹೊರಟರು. ಸಾಲಕ್ಕೋ ಅವಮಾನಕ್ಕೋ ನೊಂದು ಒಬ್ಬನೇ ಎದ್ದು ಹೋಗೋನ ದಾರಿ ಅದಲ್ಲ. ಅವನಿಗೆ ಬೇಕಾದ್ದು ಸಾವಲ್ಲ, ನೋವು ನಿಲ್ಲೋದು. ನೋವನ್ನು ಪಾಪ ಅನ್ನೋಕೆ ನಾವ್ಯಾರು?

ನೊಯ್ಯಲ್ ನೀರು ಕೆಟ್ಟು ಬೇಸಾಯಗಾರ ನೊಂದ. 2011ರ ಜನವರಿಯಲ್ಲಿ ಹೈಕೋರ್ಟ್ ಆಜ್ಞೆಯಿಂದ ತಿರುಪ್ಪೂರಿನ ಸಾಯಪಟ್ಟರೆಗಳು ಮುಚ್ಚಿ ಕೂಲಿಯವನೂ ನೊಂದ. ಇಬ್ಬರ ಕಷ್ಟವೂ ಒಬ್ಬನಿಂದ ಬಂದದ್ದಲ್ಲ. ಹಂಗಿದ್ದ ಮೇಲೆ ಒಬ್ಬನೇ ಹೊರಬೇಕು ಅನ್ನೋದು ಯಾವ ನ್ಯಾಯ? 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಸಾಯಲು ಹೋದವನನ್ನು ಶಿಕ್ಷಿಸಬೇಡ, ಕಷ್ಟದಲ್ಲಿದ್ದವನು ಅಂತ ಎಣಿಸಿ ಆರೈಕೆ ಮಾಡು ಅನ್ನುತ್ತೆ.

ಕಥೆಯ ಕೊನೆ ನೋಡಿ. ಸ್ವರ್ಗದ ರಥ ಬಂದರೂ ಧರ್ಮರಾಯ ಹಿಂದೆ ಬಂದ ನಾಯಿಯನ್ನ ಬಿಟ್ಟು ಹತ್ತಲಿಲ್ಲ. ಧರ್ಮ ಅಂದ್ರೆ ಜೊತೆಗೆ ಬಂದವರ ಕೈ ಬಿಡದಿರೋದು. "ಸಾಯ್ಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗೇ ಕೇಳಿ, ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟೋದಿಲ್ಲ. ಕಂಬಳಿ ಹೊದಿಸಿ, ಪಕ್ಕದಲ್ಲೇ ಕೂತ್ಕೊಳ್ಳಿ. ಆ ಯೋಚನೆ ನಿಮಗೇ ಬಂದಿದ್ರೆ ಇವತ್ತೇ ಒಬ್ಬರಿಗೆ ಹೇಳಿ. ಸರ್ಕಾರದ 14416ಕ್ಕೆ ಫೋನ್ ಮಾಡಿದರೆ ಹಗಲೂ ರಾತ್ರಿ, ದುಡ್ಡಿಲ್ಲದೆ, ತಮಿಳಲ್ಲೂ ಕನ್ನಡದಲ್ಲೂ ಮಾತಾಡ್ತಾರೆ.