ಕೀಳುವುದು ಮತ್ತು ಕೀಳೆನ್ನುವುದು

ನಂಜನಗೂಡಿಗೆ ಸಮೀಪದ ಕಳಲೆಯಲ್ಲಿ ಲಕ್ಷ್ಮೀಕಾಂತಸ್ವಾಮಿಯ ದರ್ಶನ ಮುಗಿಸಿ, ಊರಾಚೆಯ ಹೊಲಗಳ ಕಡೆಗೆ ನಡೆದಿದ್ದೆ. ರಾಗಿಯ ಹೊಲದಲ್ಲಿ ಹೆಂಗಸರು ಕಳೆ ತೆಗೆಯುತ್ತಿದ್ದರು. ಬದುವಿನ ಮೇಲೆ ಕಿತ್ತು ಹಾಕಿದ ರಾಶಿ. ಅದರಲ್ಲಿ ಹೆಚ್ಚಿನ ಪಾಲು ಗರಿಕೆ. ಚೌತಿಯ ದಿನ 21 ಕುಡಿ ಎಣಿಸಿ ಗಣಪತಿಗೆ ಏರಿಸುತ್ತೇವಲ್ಲ, ಅದೇ ಗರಿಕೆ!

"ಏನಜ್ಜಿ, ಪೂಜೆಯ ಗರಿಕೆಯನ್ನೂ ಕಿತ್ತು ಹಾಕುವುದೆ?" ಎಂದೆ.

ಅಜ್ಜಿ ನಕ್ಕಳು. "ದೇವ್ರ ತಲೆ ಮ್ಯಾಲಿದ್ರೆ ಪತ್ರೆ ಸ್ವಾಮಿ, ಹೊಲ್ದಲ್ಲಿದ್ರೆ ಕಳೆ."

ಆಕೆಯ ಮಾತು ಸುಳ್ಳಲ್ಲ. ಗರಿಕೆ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ. ನೇಗಿಲು ತುಂಡರಿಸಿದರೆ ತುಂಡುಗಳೇ ಹೊಸ ಗಿಡಗಳಾಗುತ್ತವೆ.

ಅಷ್ಟರಲ್ಲಿ ಪಕ್ಕದವಳ ಬೆರಳಿಗೆ ಕುಡುಗೋಲು ತಾಕಿತು. ಅವಳು ಅದೇ ರಾಶಿಯಿಂದ ಇನ್ನೊಂದು ಗಿಡವನ್ನು ಆಯ್ದು, ಎಲೆಯನ್ನು ಹೊಸಕಿ ರಸ ಹಿಂಡಿದಳು, ನೆತ್ತರು ನಿಂತಿತು. ನೀಳವಾದ ತೊಟ್ಟು, ತುದಿಯಲ್ಲಿ ಹಳದಿ ನಡುವಿನ ಪುಟ್ಟ ಹೂವು. ಸಸ್ಯಶಾಸ್ತ್ರದವರು ಟ್ರೈಡ್ಯಾಕ್ಸ್ ಎನ್ನುವ ಇದು ಸೇವಂತಿಗೆಯ ಕುಲದ್ದು. ಅಮೆರಿಕದ ಉಷ್ಣವಲಯದಿಂದ ಬಂದದ್ದು. ಒಂದು ಹೂವೆಂದು ನಾವು ಕಾಣುವುದು ನಿಜವಾಗಿ ಹಲವು ಕಿರುಹೂಗಳ ಕೂಟ. ಬೀಜಕ್ಕೆ ಗರಿಯ ಕುಚ್ಚುಂಟು. ಗರಿಕೆ ನೆಲವನ್ನು ಹಿಡಿದು ಹರಡಿದರೆ, ಇದು ಗಾಳಿಯನ್ನು ನಂಬಿ ಹರಡುತ್ತದೆ. ನಾವು ಇದಕ್ಕೆ ಕೊಟ್ಟ ಹೆಸರು ಗಬ್ಬು ಶಾವಂತಿ.

ಹಾಗಾದರೆ ಇವೆರಡರಲ್ಲಿ ಯಾವುದು ಮೇಲು? ಉಪಯೋಗವಾದದ್ದು ಎಂದು ಹೇಳಿಬಿಡಬಹುದು. ಆದರೆ ಹೊಲದಲ್ಲಿ ಕಾಡುವ ಗರಿಕೆಯೇ ಬದುವಿನ ಮಣ್ಣನ್ನು ಕಾಯುತ್ತದೆ. ನಮ್ಮ ನೆಲದ್ದು ಮೇಲು ಎನ್ನೋಣವೆ? ಹೊಲದ ಯಜಮಾನನಂತೆ ನಿಂತ ರಾಗಿಯೇ ಸಾವಿರಾರು ವರ್ಷಗಳ ಹಿಂದೆ ಆಫ್ರಿಕದಿಂದ ಬಂದದ್ದು. ಅದೂ ಹುಲ್ಲಿನ ಕುಲದ್ದೇ. ಕಳಲೆ ಎಂದರೆ ಬಿದಿರಿನ ಮೊಳಕೆ. ಆ ಬಿದಿರೂ ಹುಲ್ಲೇ. ಕುಲವನ್ನು ಹಿಡಿದು ಮೇಲುಕೀಳು ಎಣಿಸಹೊರಟರೆ ಲೆಕ್ಕ ಎಲ್ಲಿಯೂ ನಿಲ್ಲದು.

ಹಾಗೆಂದು ಕಳೆ ತೆಗೆಯಬಾರದೆ? ತೆಗೆಯಲೇ ಬೇಕು, ಇಲ್ಲವಾದರೆ ಮಕ್ಕಳ ಬಾಯಿಗೆ ಮುದ್ದೆಯಿಲ್ಲ. ಆದರೆ ಕೀಳುವುದು ಬೇರೆ, ಕೀಳೆನ್ನುವುದು ಬೇರೆ. ಮೊದಲನೆಯದು ಹೊಲದ ಅಗತ್ಯ. ಎರಡನೆಯದು ಮನಸ್ಸಿನ ಅಹಂಕಾರ.

ಇದನ್ನು ನಾನು ತಡವಾಗಿ ಕಲಿತೆ. ಕೆಲವು ವರ್ಷಗಳ ಹಿಂದೆ, ಹಾಜರಿ ಸಾಲದ ಹುಡುಗನೊಬ್ಬನನ್ನು ಪರೀಕ್ಷೆಗೆ ಕೂರಿಸಲಾಗಲಿಲ್ಲ. ಅದು ನಿಯಮ, ಅವನೂ ಒಪ್ಪಿ ತಲೆ ತಗ್ಗಿಸಿ ನಿಂತಿದ್ದ. ಆದರೆ ತುಂಬಿದ ತರಗತಿಯಲ್ಲಿ, "ನೀನು ಈ ಕ್ಲಾಸಿಗೆ ಕಳೆ" ಎಂದೆನಲ್ಲ, ಅದು ಯಾವ ನಿಯಮ? ಮರುವರ್ಷ ಬಂದು ಪರೀಕ್ಷೆ ಬರೆಯಬಹುದಾಗಿತ್ತು. ಅವನು ಬರಲೇ ಇಲ್ಲ. ನಿಯಮವನ್ನು ತಾಳಿಕೊಂಡವನು ಮಾತನ್ನು ತಾಳಲಾರದೆ ಹೋದ.

ಹೊತ್ತು ಇಳಿಯಿತು. ಅಜ್ಜಿ ಬದುವಿನ ಮೇಲಿನ ಗರಿಕೆಯನ್ನೆಲ್ಲ ಒಟ್ಟುಮಾಡಿ, ಮಣ್ಣು ಕೊಡವಿ ಹೊರೆ ಕಟ್ಟಿದಳು. "ಹಸ ಕಾಯ್ತಾ ಇರ್ತದೆ" ಎಂದು, ಅದನ್ನು ತಲೆಯ ಮೇಲೆ ಹೊತ್ತು ಊರ ಕಡೆಗೆ ನಡೆದಳು.